ವಿಶ್ವವಿದ್ಯಾಲಯಗಳ ಉದ್ಯಮಶೀಲತಾ ಕಾರ್ಯಕ್ರಮಗಳು: ಶಿವಮೊಗ್ಗ ಮತ್ತು ಭದ್ರಾವತಿ

ವಿದ್ಯಾರ್ಥಿಗಳು ಓದುತ್ತಿರುವಾಗಲೇ ಇಲ್ಲವೆ ಓದು ಮುಗಿದ ಕೂಡಲೇ ಸ್ವಂತ ಉದ್ಯಮ ಆರಂಭಿಸಲು ನೆರವಾಗುವಂತೆ ವಿಶ್ವವಿದ್ಯಾಲಯಗಳೂ ಕಾಲೇಜುಗಳೂ ಒದಗಿಸುವ ಪಾಠ, ತರಬೇತಿ, ಉಪಕರಣ, ಜಾಗ, ಮಾರ್ಗದರ್ಶನ ಮತ್ತು ಹಣಕಾಸಿನ ಸಂಪರ್ಕಗಳನ್ನು ಒಟ್ಟಾಗಿ ಉದ್ಯಮಶೀಲತಾ ಕಾರ್ಯಕ್ರಮ ಎಂದು ಕರೆಯಲಾಗುತ್ತದೆ. ಪಠ್ಯಕ್ರಮದಲ್ಲಿರುವ ಉದ್ಯಮಶೀಲತೆಯ ಪತ್ರಿಕೆ, ಕಾಲೇಜಿನ ಉದ್ಯಮಶೀಲತಾ ಅಭಿವೃದ್ಧಿ ಘಟಕ, ಕ್ಯಾಂಪಸ್‌ನ ಇನ್‌ಕ್ಯುಬೇಷನ್ ಕೇಂದ್ರ ಮತ್ತು ವಿದ್ಯಾರ್ಥಿಗಳೇ ನಡೆಸುವ ಉತ್ಪಾದನಾ ಘಟಕ ಇದರ ಮುಖ್ಯ ರೂಪಗಳು. ಶಿವಮೊಗ್ಗ ಮತ್ತು ಭದ್ರಾವತಿಯಲ್ಲಿ ಈ ಕಾರ್ಯಕ್ರಮಗಳಿಗೆ ವಿಶೇಷ ಮಹತ್ವವಿದೆ. ಸುಮಾರು 20 ಕಿ.ಮೀ. ಅಂತರದ ಈ ಅವಳಿ ಪಟ್ಟಣಗಳ ಸುತ್ತ ಸಾಮಾನ್ಯ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಇಂಜಿನಿಯರಿಂಗ್ ಕಾಲೇಜು ಮತ್ತು ಪಾಲಿಟೆಕ್ನಿಕ್‌ಗಳಿವೆ. ಇನ್ನೊಂದು ಕಡೆ, ಒಂದು ಕಾಲಕ್ಕೆ ಸಾವಿರಾರು ಕುಟುಂಬಗಳನ್ನು ಸಾಕಿದ ದೊಡ್ಡ ಕಾರ್ಖಾನೆಗಳು ಕುಗ್ಗಿ, ಓದಿದ ಯುವಜನರು ಬೆಂಗಳೂರಿನ ದಾರಿ ಹಿಡಿಯುವುದು ವಾಡಿಕೆಯಾಗಿದೆ.

ಹಿನ್ನೆಲೆ

ಉದ್ಯಮ ನಡೆಸುವುದನ್ನು ತರಗತಿಯಲ್ಲಿ ಕಲಿಸಬಹುದೆಂಬ ಯೋಚನೆ ಹೆಚ್ಚು ಹಳೆಯದಲ್ಲ. ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನಲ್ಲಿ 1947ರಲ್ಲಿ ಮೈಲ್ಸ್ ಮೇಸ್ ಹೊಸ ಉದ್ಯಮಗಳ ನಿರ್ವಹಣೆ ಕುರಿತು ಆರಂಭಿಸಿದ ಪಾಠವನ್ನು ಈ ಬಗೆಯ ಮೊದಲ ವಿಶ್ವವಿದ್ಯಾಲಯ ಪಾಠವೆಂದು ಗುರುತಿಸುತ್ತಾರೆ. ಭಾರತದಲ್ಲಿ ಇದಕ್ಕೆ ಅಡಿಪಾಯ ಬಿದ್ದದ್ದು 1960ರ ದಶಕದಲ್ಲಿ. ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಲೆಲೆಂಡ್ ಮತ್ತು ಸಂಗಡಿಗರು ಹೈದರಾಬಾದಿನ ಸಣ್ಣ ಕೈಗಾರಿಕೆಗಳ ತರಬೇತಿ ಸಂಸ್ಥೆಯ ಜತೆಗೂಡಿ 1964ರಲ್ಲಿ ಆಂಧ್ರದ ಕಾಕಿನಾಡದ ವರ್ತಕರು ಮತ್ತು ಸಣ್ಣ ಉದ್ಯಮಿಗಳಿಗೆ ಸಾಧನೆಯ ಹಂಬಲ ಬೆಳೆಸುವ ತರಬೇತಿ ನೀಡಿದರು. ಉದ್ಯಮಿಯ ಗುಣ ಹುಟ್ಟಿನಿಂದಲೋ ಜಾತಿಯಿಂದಲೋ ಬರುವಂಥದ್ದಲ್ಲ, ತರಬೇತಿಯಿಂದ ಬೆಳೆಯಬಲ್ಲದು ಎಂಬ ನಂಬಿಕೆಗೆ ಈ ಪ್ರಯೋಗ ಬಲ ಕೊಟ್ಟಿತು. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 1982ರಲ್ಲಿ ಉದ್ಯಮಶೀಲತೆಗಾಗಿ ರಾಷ್ಟ್ರೀಯ ಮಂಡಳಿಯೊಂದನ್ನು ರಚಿಸಿತು. 1983ರಲ್ಲಿ ಅಹಮದಾಬಾದಿನಲ್ಲಿ ಭಾರತೀಯ ಉದ್ಯಮಶೀಲತಾ ಅಭಿವೃದ್ಧಿ ಸಂಸ್ಥೆ ಆರಂಭವಾಯಿತು.

ಕರ್ನಾಟಕದಲ್ಲಿ ಎರಡು ಮಾದರಿಗಳು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ರೂಪುಗೊಂಡವು. ಒಂದು, 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆ. ಗ್ರಾಮೀಣ ಯುವಜನರಿಗೆ ಉಚಿತ ವಸತಿಯೊಂದಿಗೆ ಕಡಿಮೆ ಅವಧಿಯ ತರಬೇತಿ ಕೊಟ್ಟು, ಆಮೇಲೆ ಬ್ಯಾಂಕ್ ಸಾಲದವರೆಗೂ ಬೆನ್ನಿಗೆ ನಿಲ್ಲುವುದು ಇದರ ಕ್ರಮ. ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳು ಇಂದು ನಡೆಸುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಿಗೆ ಇದೇ ಮೇಲ್ಪಂಕ್ತಿ. ಇನ್ನೊಂದು, 1980ರ ದಶಕದಲ್ಲಿ ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಆರಂಭವಾದ ವಿಜ್ಞಾನ ಮತ್ತು ತಂತ್ರಜ್ಞಾನ ಉದ್ಯಮಿಗಳ ಪಾರ್ಕ್. ಕಾಲೇಜಿನ ಆವರಣದಲ್ಲೇ ಹೊಸ ಉದ್ಯಮಗಳಿಗೆ ಜಾಗ ಕೊಡುವ ಪದ್ಧತಿಗೆ ರಾಜ್ಯದಲ್ಲಿ ಇದು ಮೊದಲ ಮಾದರಿಗಳಲ್ಲೊಂದು. 1992ರಲ್ಲಿ ಧಾರವಾಡದಲ್ಲಿ ಸ್ಥಾಪನೆಯಾದ ಕರ್ನಾಟಕ ಉದ್ಯಮಶೀಲತಾಭಿವೃದ್ಧಿ ಕೇಂದ್ರ, ಅಂದರೆ ಸಿಡಾಕ್, ಕಾಲೇಜುಗಳಲ್ಲಿ ತಿಳಿವಳಿಕೆ ಶಿಬಿರಗಳನ್ನೂ ಆಸಕ್ತರಿಗೆ ತರಬೇತಿಗಳನ್ನೂ ನಡೆಸುತ್ತ ಬಂದಿದೆ.

ಎರಡು ಪಟ್ಟಣಗಳ ಆರ್ಥಿಕ ಚಿತ್ರ

ಭದ್ರಾವತಿ ಬೆಳೆದದ್ದು ಕಾರ್ಖಾನೆಗಳಿಂದ. ದಿವಾನ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯಂತೆ 1918ರಲ್ಲಿ ಕೈಗೆತ್ತಿಕೊಂಡ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರಾ ನದಿಯ ನೀರು ಅದಕ್ಕೆ ಆಧಾರವಾಗಿದ್ದವು. 1930ರ ದಶಕದಲ್ಲಿ ಮೈಸೂರು ಕಾಗದ ಕಾರ್ಖಾನೆ ಸೇರಿಕೊಂಡಿತು. ಮುಂದೆ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆ ಎಂದು ಹೆಸರಾದ ಮೊದಲನೆಯದು 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಅದನ್ನು ಮುಚ್ಚುವ ತೀರ್ಮಾನ 2023ರ ಆರಂಭದಲ್ಲಿ ಹೊರಬಿದ್ದು, ಅದೇ ವರ್ಷ ಭಾಗಶಃ ಉತ್ಪಾದನೆ ಮರಳಿ ಶುರುವಾಯಿತು. ಕಾಗದ ಕಾರ್ಖಾನೆಯ ಉತ್ಪಾದನೆ 2015ರ ಸುಮಾರಿಗೆ ನಿಂತುಹೋಯಿತು. ಅಪ್ಪ ದುಡಿದ ಕಾರ್ಖಾನೆಯಲ್ಲೇ ಮಗನಿಗೂ ಕೆಲಸ ಎಂಬ ಭರವಸೆಯ ಮೇಲೆ ನಿಂತಿದ್ದ ಪಟ್ಟಣಕ್ಕೆ ಇದು ಆಳವಾದ ಪೆಟ್ಟು.

ಆದರೆ ಕಾರ್ಖಾನೆ ಕುಗ್ಗಿದರೂ ಅದು ಕಲಿಸಿದ ಕಸುಬು ಊರಿನಲ್ಲಿ ಉಳಿದಿದೆ. ಎರಕ, ಪ್ಯಾಟರ್ನ್ ತಯಾರಿ, ಫಿಟ್ಟಿಂಗ್, ಟರ್ನಿಂಗ್, ವೆಲ್ಡಿಂಗ್ ಬಲ್ಲ ಕುಶಲಕರ್ಮಿಗಳು ಎರಡೂ ಪಟ್ಟಣಗಳಲ್ಲಿದ್ದಾರೆ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನ ವರ್ಕ್‌ಶಾಪುಗಳು, ಕಲ್ಲೂರು-ಮಂಡ್ಲಿ ಕೈಗಾರಿಕಾ ಪ್ರದೇಶ, ಎರಡು ಊರುಗಳ ನಡುವಿನ ಮಾಚೇನಹಳ್ಳಿಯಲ್ಲಿರುವ ಘಟಕಗಳು ಇಂಥ ದುಡಿಮೆಯ ತಾಣಗಳು. ಮಾಚೇನಹಳ್ಳಿಯಲ್ಲೇ ಹಾಲು ಒಕ್ಕೂಟದ ಡೇರಿಯೂ ಐಟಿ ಪಾರ್ಕ್ ಕೂಡ ಇವೆ.

ಶಿವಮೊಗ್ಗ ನಗರದ ವ್ಯಾಪಾರದ ಬೆನ್ನೆಲುಬು ಅಡಿಕೆ. 1939ರಲ್ಲಿ ಸ್ಥಾಪನೆಯಾದ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘ, ಜನರ ಬಾಯಲ್ಲಿ ‘ಮ್ಯಾಮ್‌ಕೋಸ್’, ಇಲ್ಲಿನ ಕೃಷಿಕರೇ ಕಟ್ಟಿಕೊಂಡ ಸಂಸ್ಥೆ. ಭತ್ತ, ಅನಾನಸ್, ಶುಂಠಿ, ಕಾಳುಮೆಣಸು, ಜೇನು, ಅಪ್ಪೆಮಿಡಿ, ಹಲಸು ಮುಂತಾದ ಮಲೆನಾಡಿನ ಬೆಳೆಗಳು ನಗರದ ಮಾರುಕಟ್ಟೆಗೆ ಬರುತ್ತವೆ. ವಿದ್ಯಾರ್ಥಿಯೊಬ್ಬ ಸಣ್ಣ ಉದ್ಯಮ ಹೂಡುವಾಗ ಲೋಹದ ಕಸುಬು ಮತ್ತು ಮಲೆನಾಡಿನ ಬೆಳೆ, ಈ ಎರಡು ಸಂಪತ್ತುಗಳೇ ಅವನಿಗೆ ಹತ್ತಿರದ ಕಚ್ಚಾವಸ್ತು.

ಪ್ರಮುಖ ಶಿಕ್ಷಣ ಸಂಸ್ಥೆಗಳು

ಕುವೆಂಪು ವಿಶ್ವವಿದ್ಯಾಲಯ 1987ರಲ್ಲಿ ಸ್ಥಾಪನೆಯಾಯಿತು. ಅದರ ಮುಖ್ಯ ಆವರಣ ಜ್ಞಾನಸಹ್ಯಾದ್ರಿ ಇರುವುದು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ, ಭದ್ರಾ ಜಲಾಶಯಕ್ಕೆ ಸಮೀಪ. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕಾಲೇಜುಗಳು ಇದರ ವ್ಯಾಪ್ತಿಯಲ್ಲಿವೆ. ಶಿವಮೊಗ್ಗ ನಗರದ ಸಹ್ಯಾದ್ರಿ ಕಾಲೇಜುಗಳು ಇದರ ಘಟಕ ಕಾಲೇಜುಗಳು. ವಾಣಿಜ್ಯ, ವ್ಯವಹಾರ ನಿರ್ವಹಣೆ, ಜೈವಿಕ ತಂತ್ರಜ್ಞಾನ, ಸೂಕ್ಷ್ಮಜೀವಿ ವಿಜ್ಞಾನ, ರಸಾಯನ ವಿಜ್ಞಾನದಂಥ ವಿಭಾಗಗಳು ಒಂದೇ ವಿಶ್ವವಿದ್ಯಾಲಯದಲ್ಲಿ ಇರುವುದು ಉದ್ಯಮಶೀಲತೆಗೆ ಅನುಕೂಲ. ಪ್ರಯೋಗಾಲಯದಲ್ಲಿ ಹುಟ್ಟಿದ ಒಂದು ವಸ್ತುವಿಗೆ ಬೆಲೆ, ಗಿರಾಕಿ, ಲೆಕ್ಕ ಹೊಂದಿಸುವವರು ಪಕ್ಕದ ವಿಭಾಗದಲ್ಲೇ ಸಿಗುತ್ತಾರೆ.

ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ 2012ರಲ್ಲಿ ಸ್ಥಾಪನೆಯಾಯಿತು. ಶಿವಮೊಗ್ಗದ ನವಿಲೆಯಲ್ಲಿ ಕೃಷಿ ಕಾಲೇಜು ಇದೆ, ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ವಿಸ್ತಾರವಾದ ಆವರಣವಿದೆ. ಶಿವಮೊಗ್ಗದ ಪಶುವೈದ್ಯ ಕಾಲೇಜು ಮಾತ್ರ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದೆ. 1946ರಲ್ಲಿ ಹುಟ್ಟಿದ ರಾಷ್ಟ್ರೀಯ ಶಿಕ್ಷಣ ಸಮಿತಿ 1980ರಲ್ಲಿ ತೆರೆದ ಜವಾಹರಲಾಲ್ ನೆಹರೂ ರಾಷ್ಟ್ರೀಯ ಇಂಜಿನಿಯರಿಂಗ್ ಕಾಲೇಜು ಮತ್ತು 2007ರಲ್ಲಿ ಆರಂಭವಾದ ಪಿಇಎಸ್ ತಾಂತ್ರಿಕ ಮತ್ತು ನಿರ್ವಹಣಾ ಸಂಸ್ಥೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿವೆ. ಭದ್ರಾವತಿಯಲ್ಲಿ ಸರ್ ಎಂ.ವಿ. ಹೆಸರಿನ ಸರ್ಕಾರಿ ಪದವಿ ಕಾಲೇಜುಗಳೂ ವಿಐಎಸ್ಎಸ್‌ಜೆ ಸರ್ಕಾರಿ ಪಾಲಿಟೆಕ್ನಿಕ್ ಕೂಡ ಇವೆ. ಕಾರ್ಖಾನೆಗೂ ಕಲಿಕೆಗೂ ಇಲ್ಲಿ ಹಳೆಯ ನಂಟಿದೆ. ಭದ್ರಾವತಿ ಕಾರ್ಖಾನೆಯ ಸೇವೆಗಾಗಿ ತಮಗೆ ಬರಬೇಕಿದ್ದ ಸಂಭಾವನೆಯನ್ನು ವಿಶ್ವೇಶ್ವರಯ್ಯನವರು ವೃತ್ತಿ ತರಬೇತಿಗೆ ಬಿಟ್ಟುಕೊಟ್ಟರು. ಅದರಿಂದ ಬೆಂಗಳೂರಿನಲ್ಲಿ ಹುಟ್ಟಿದ ಸಂಸ್ಥೆಯೇ ಇಂದಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್.

ಪಠ್ಯದಲ್ಲಿ ಉದ್ಯಮಶೀಲತೆ

ಬಿ.ಕಾಂ., ಬಿಬಿಎ ಮತ್ತು ಎಂಬಿಎ ಪದವಿಗಳಲ್ಲಿ ಉದ್ಯಮಶೀಲತೆ ಒಂದು ಪತ್ರಿಕೆಯಾಗಿ ಬರುತ್ತದೆ. ತಾಂತ್ರಿಕ ವಿಶ್ವವಿದ್ಯಾಲಯ ನಿರ್ವಹಣೆ ಮತ್ತು ಉದ್ಯಮಶೀಲತೆಯನ್ನು ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕಲಿಸುತ್ತ ಬಂದಿದೆ. ಇತ್ತೀಚಿನ ಪಠ್ಯಕ್ರಮದಲ್ಲಿ ಮೊದಲ ವರ್ಷದಲ್ಲೇ ನಾವೀನ್ಯ ಮತ್ತು ವಿನ್ಯಾಸ ಚಿಂತನೆಯ ಪಾಠವಿದೆ.

ಈ ಪಾಠಗಳ ತಿರುಳು ಲೆಕ್ಕ. ಒಂದು ವಸ್ತುವಿನ ಬೆಲೆ ಹೇಗೆ ಕಟ್ಟುವುದು, ಪ್ರತಿ ನಗಕ್ಕೆ ತಗಲುವ ವೆಚ್ಚ ಯಾವುದು, ಮಾರಾಟವಾಗಲಿ ಬಿಡಲಿ ತಿಂಗಳಿಗೆ ಕಟ್ಟಲೇಬೇಕಾದ ಖರ್ಚು ಯಾವುದು ಎಂಬುದನ್ನು ವಿದ್ಯಾರ್ಥಿ ಬೇರ್ಪಡಿಸಿ ನೋಡಲು ಕಲಿಯುತ್ತಾನೆ. ಅಡಿಕೆ ಹಾಳೆಯ ತಟ್ಟೆ ಮಾಡುವ ಘಟಕವನ್ನು ಊಹಿಸಿಕೊಳ್ಳಬಹುದು. ತಟ್ಟೆಯೊಂದಕ್ಕೆ ಹಾಳೆ, ಕೂಲಿ, ವಿದ್ಯುತ್ ಸೇರಿ 2 ರೂಪಾಯಿ ಬೀಳುತ್ತದೆ, ಸಗಟು ಬೆಲೆ 3 ರೂಪಾಯಿ, ಬಾಡಿಗೆ ಮತ್ತು ಸಾಲದ ಕಂತು ತಿಂಗಳಿಗೆ 20,000 ರೂಪಾಯಿ ಎಂದಿಟ್ಟುಕೊಂಡರೆ, ತಿಂಗಳಿಗೆ 20,000 ತಟ್ಟೆ ಮಾರಿದಾಗ ಮಾತ್ರ ಲಾಭವೂ ಇಲ್ಲದ ನಷ್ಟವೂ ಇಲ್ಲದ ಮಟ್ಟ ಮುಟ್ಟುತ್ತದೆ. ತಿಂಗಳಿಗೆ 25 ದಿನ ಕೆಲಸವೆಂದರೆ ದಿನಕ್ಕೆ 800 ತಟ್ಟೆ. ಹಾಳೆ ಹೆಚ್ಚಾಗಿ ಉದುರುವುದು ಬೇಸಿಗೆಯಲ್ಲಿ, ಮಳೆಗಾಲದಲ್ಲಿ ಒಣಗಿಸುವುದೇ ಕಷ್ಟ. ಆದ್ದರಿಂದ ಒಣ ದಿನಗಳಲ್ಲೇ ವರ್ಷದ ಹಾಳೆ ಕೊಂಡು, ಬೂಷ್ಟು ಹಿಡಿಯದಂತೆ ಕೂಡಿಡಬೇಕು. ಅದಕ್ಕೆ ಗೋದಾಮೂ ಬೇಕು, ಮುಂಗಡ ಹಣವೂ ಬೇಕು. ದುಡಿಯುವ ಬಂಡವಾಳ ಎಂದು ಪಠ್ಯ ಹೇಳುವ ವಿಷಯದ ಅರ್ಥ ಇಂಥ ಲೆಕ್ಕದಲ್ಲಿ ಮನದಟ್ಟಾಗುತ್ತದೆ.

ಬೋಧನೆಯ ಕ್ರಮದಲ್ಲೂ ಬದಲಾವಣೆ ಬಂದಿದೆ. ಮೊದಲು ಗುರಿ ನಿಗದಿಪಡಿಸಿ, ಆಮೇಲೆ ಬಂಡವಾಳ ಹುಡುಕುವ ಯೋಜನೆ ಬರೆಯಿಸುವುದು ಹಳೆಯ ವಾಡಿಕೆ. ಭಾರತ ಮೂಲದ ವಿದ್ವಾಂಸೆ ಸರಸ್ ಸರಸ್ವತಿ ಅನುಭವಿ ಉದ್ಯಮಿಗಳ ತೀರ್ಮಾನಗಳನ್ನು ಅಧ್ಯಯನ ಮಾಡಿ 2001ರಲ್ಲಿ ಬೇರೊಂದು ಚಿತ್ರ ಮುಂದಿಟ್ಟರು. ಪಳಗಿದ ಉದ್ಯಮಿಗಳು ತಾವು ಯಾರು, ತಮಗೇನು ಗೊತ್ತು, ತಮಗೆ ಯಾರು ಗೊತ್ತು ಎಂಬುದರಿಂದ ಹೊರಡುತ್ತಾರೆ, ಕಳೆದುಕೊಂಡರೂ ತಾಳಿಕೊಳ್ಳಬಹುದಾದಷ್ಟನ್ನೇ ಪಣಕ್ಕಿಡುತ್ತಾರೆ ಎಂಬುದು ಅವರ ನಿರೂಪಣೆ. ದೊಡ್ಡ ಹೂಡಿಕೆದಾರರಿಲ್ಲದ ಶಿವಮೊಗ್ಗದಂಥ ಊರಿಗೆ ಈ ದಾರಿ ಹೆಚ್ಚು ಒಗ್ಗುತ್ತದೆ. ಅಡಿಕೆ ತೋಟದ ಮನೆಯಿಂದ ಬಂದವಳಿಗೆ ಬೆಳೆಯ ಅರಿವು, ಕಾರ್ಖಾನೆ ಕಾರ್ಮಿಕನ ಮಗನಿಗೆ ಲೋಹದ ಅರಿವು ಮನೆಯಲ್ಲೇ ಸಿಕ್ಕಿರುತ್ತದೆ. ಅದನ್ನು ಬಂಡವಾಳವೆಂದು ಗುರುತಿಸಿ ತೋರಿಸುವುದು ಅಧ್ಯಾಪಕರ ಕೆಲಸ.

ಕೃಷಿ ಶಿಕ್ಷಣದಲ್ಲಿ ದುಡಿಮೆಯ ಕಲಿಕೆ

ಮಾಡಿ ಕಲಿಯುವ ಅವಕಾಶ ಅತ್ಯಂತ ವ್ಯವಸ್ಥಿತವಾಗಿರುವುದು ಕೃಷಿ ವಿಶ್ವವಿದ್ಯಾಲಯಗಳಲ್ಲಿ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ‘ಸ್ಟೂಡೆಂಟ್ ರೆಡಿ’ ಕಾರ್ಯಕ್ರಮ 2015ರ ಜುಲೈನಲ್ಲಿ ಆರಂಭವಾಯಿತು. ಕೃಷಿ ಮತ್ತು ಅದಕ್ಕೆ ಹೊಂದಿದ ಪದವಿಗಳ ಅಂತಿಮ ವರ್ಷದಲ್ಲಿ ಗ್ರಾಮೀಣ ಕೃಷಿ ಕಾರ್ಯಾನುಭವ, ಅನುಭವಾತ್ಮಕ ಕಲಿಕೆ, ಉದ್ಯಮಗಳಲ್ಲಿ ತರಬೇತಿ, ವಿದ್ಯಾರ್ಥಿ ಯೋಜನೆ ಮುಂತಾದ ಅಂಗಗಳನ್ನು ಇದು ಒಟ್ಟುಗೂಡಿಸುತ್ತದೆ. ಕಾರ್ಯಾನುಭವದ ಅವಧಿಯಲ್ಲಿ ವಿದ್ಯಾರ್ಥಿಗಳು ಹಳ್ಳಿಯಲ್ಲಿ ಉಳಿದು, ರೈತರ ಖರ್ಚು-ವೆಚ್ಚ, ಬೆಳೆಯ ಸಮಸ್ಯೆ, ಮಾರಾಟದ ದಾರಿಗಳನ್ನು ಹತ್ತಿರದಿಂದ ಅರಿಯುತ್ತಾರೆ.

ಅನುಭವಾತ್ಮಕ ಕಲಿಕೆಯಲ್ಲಿ ವಿದ್ಯಾರ್ಥಿಗಳ ತಂಡ ಅಣಬೆ ಬೇಸಾಯ, ಎರೆಗೊಬ್ಬರ, ಜೈವಿಕ ಗೊಬ್ಬರ, ಬೀಜೋತ್ಪಾದನೆ, ಸಸಿಮಡಿ, ಹಣ್ಣು-ತರಕಾರಿ ಸಂಸ್ಕರಣೆಯಂಥ ಒಂದು ಘಟಕವನ್ನು ತಾನೇ ನಡೆಸುತ್ತದೆ. ಕಚ್ಚಾವಸ್ತು ತರುವುದು, ಉತ್ಪಾದಿಸುವುದು, ಪ್ಯಾಕ್ ಮಾಡುವುದು, ಮಾರುವುದು, ಲೆಕ್ಕ ಬರೆಯುವುದು ಎಲ್ಲವೂ ತಂಡದ ಹೊಣೆ. ಬಂದ ಲಾಭದಲ್ಲಿ ವಿದ್ಯಾರ್ಥಿಗಳಿಗೂ ಪಾಲಿರುತ್ತದೆ. ಕೆಟ್ಟುಹೋದ ಅಣಬೆಯ ನಷ್ಟ ಕಾಲೇಜಿನ ಗೋಡೆಯೊಳಗೇ ಉಳಿಯುವುದರಿಂದ, ಮೊದಲ ಸೋಲು ಮನೆಯ ಸಾಲವಾಗುವುದಿಲ್ಲ. ವಿಶ್ವವಿದ್ಯಾಲಯ ಮಾತ್ರ ಕೊಡಬಲ್ಲ ರಕ್ಷಣೆ ಇದು. ಕೃಷಿ ಮೇಳಗಳಲ್ಲಿ ತಮ್ಮ ಉತ್ಪನ್ನ ಇಟ್ಟು ಮಾರುವಾಗ, ರೈತ ಗಿರಾಕಿಗಳ ನೇರ ಪ್ರಶ್ನೆಗಳು ಅವರ ಮುಂದಿನ ಪಾಠವಾಗುತ್ತವೆ.

ಪದವಿ ಮುಗಿಸಿದವರಿಗೆ 2002ರಿಂದ ಜಾರಿಯಲ್ಲಿರುವ ಕೃಷಿ ಚಿಕಿತ್ಸಾಲಯ ಮತ್ತು ಕೃಷಿ ವ್ಯವಹಾರ ಕೇಂದ್ರಗಳ ಯೋಜನೆ ತೆರೆದಿದೆ. ಹೈದರಾಬಾದಿನ ಮ್ಯಾನೇಜ್ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ 45 ದಿನಗಳ ಉಚಿತ ತರಬೇತಿ ಪಡೆದು, ಒಬ್ಬರು 20 ಲಕ್ಷ ರೂಪಾಯಿವರೆಗಿನ ಯೋಜನೆಗೆ ಬ್ಯಾಂಕ್ ಸಾಲ ಕೇಳಬಹುದು. ಸಹಾಯಧನ ಸಾಮಾನ್ಯ ವರ್ಗಕ್ಕೆ ಶೇ 36, ಮಹಿಳೆಯರು ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 44. ಮಣ್ಣು ಪರೀಕ್ಷೆ, ಸಸಿಮಡಿ, ಯಂತ್ರೋಪಕರಣ ಬಾಡಿಗೆ, ಅಡಿಕೆ ತೋಟಗಳಿಗೆ ಔಷಧ ಸಿಂಪಡಣೆಯ ಸೇವೆ ಮಲೆನಾಡಿಗೆ ಹೊಂದುವ ಉದ್ಯಮಗಳು.

ಇಂಜಿನಿಯರಿಂಗ್ ಕಾಲೇಜು ಮತ್ತು ಪಾಲಿಟೆಕ್ನಿಕ್‌ಗಳಲ್ಲಿ

ತಾಂತ್ರಿಕ ಶಿಕ್ಷಣದಲ್ಲಿ ಉದ್ಯಮದ ಬೀಜ ಹೆಚ್ಚಾಗಿ ಸಿಗುವುದು ಅಂತಿಮ ವರ್ಷದ ಪ್ರಾಜೆಕ್ಟ್‌ನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ದಶಕಗಳಿಂದ ಧನಸಹಾಯ ನೀಡುತ್ತ ಬಂದಿದೆ. ರಾಜ್ಯ ಸರ್ಕಾರದ 2015ರ ಸ್ಟಾರ್ಟಪ್ ನೀತಿಯಡಿ ಬೆಂಗಳೂರಿನ ಹೊರಗಿನ ಕಾಲೇಜುಗಳಿಗಾಗಿ ‘ನ್ಯೂ ಏಜ್ ಇನ್‌ಕ್ಯುಬೇಷನ್ ನೆಟ್‌ವರ್ಕ್’ ರೂಪುಗೊಂಡಿತು. ಸ್ಥಳೀಯ ಸಮಸ್ಯೆಗೆ ಪರಿಹಾರ ಹುಡುಕುವ ವಿದ್ಯಾರ್ಥಿ ತಂಡಗಳಿಗೆ ಮಾದರಿ ತಯಾರಿಸಲು ಗರಿಷ್ಠ 3 ಲಕ್ಷ ರೂಪಾಯಿವರೆಗೆ ನೆರವು ನೀಡುವುದು ಇದರ ಉದ್ದೇಶ.

ಕೇಂದ್ರ ಶಿಕ್ಷಣ ಸಚಿವಾಲಯ 2018ರಲ್ಲಿ ಶಿಕ್ಷಣ ಸಂಸ್ಥೆಗಳಲ್ಲಿ ನಾವೀನ್ಯ ಮಂಡಳಿಗಳನ್ನು ರಚಿಸುವ ಕ್ರಮ ಆರಂಭಿಸಿತು. 2019ರ ರಾಷ್ಟ್ರೀಯ ನಾವೀನ್ಯ ಮತ್ತು ಸ್ಟಾರ್ಟಪ್ ನೀತಿ ವಿದ್ಯಾರ್ಥಿ ಉದ್ಯಮಿಗಳಿಗೆ ಹಾಜರಾತಿಯಲ್ಲಿ ವಿನಾಯಿತಿ, ಸೆಮಿಸ್ಟರ್ ಬಿಡುವು, ಉದ್ಯಮದ ಕೆಲಸವನ್ನೇ ಪ್ರಾಜೆಕ್ಟ್ ಎಂದು ಪರಿಗಣಿಸುವ ಅವಕಾಶಗಳನ್ನು ಶಿಫಾರಸು ಮಾಡಿತು. ಸಂಸ್ಥೆ ತನ್ನ ಸೌಲಭ್ಯಗಳನ್ನು ಕೊಟ್ಟದ್ದಕ್ಕೆ ಪ್ರತಿಯಾಗಿ ಹೊಸ ಕಂಪನಿಯಲ್ಲಿ ಶೇ 2ರಿಂದ 9.5ರವರೆಗೆ ಪಾಲು ಪಡೆಯಬಹುದೆಂದೂ ಅದು ಹೇಳುತ್ತದೆ. ಶಿಕ್ಷಣ ಸಂಸ್ಥೆಗಳಿಗೆ ಪೇಟೆಂಟ್ ಶುಲ್ಕದಲ್ಲಿ 2021ರಿಂದ ಶೇ 80ರಷ್ಟು ರಿಯಾಯಿತಿ ಇದೆ.

ಶಿವಮೊಗ್ಗ-ಭದ್ರಾವತಿಯ ತಾಂತ್ರಿಕ ವಿದ್ಯಾರ್ಥಿಗಳಿಗೆ ಎದುರಿಗೇ ಕಾಣುವ ಕೆಲಸಗಳು ಹಲವು. ಅಡಿಕೆ ಸುಲಿಯುವ, ಬೇಯಿಸುವ, ಒಣಗಿಸುವ ಸಲಕರಣೆಗಳಿಗೆ ತೋಟಗಳಲ್ಲಿ ಬೇಡಿಕೆಯಿದೆ, ಏಕೆಂದರೆ ಕೊಯ್ಲಿನ ಕಾಲದಲ್ಲಿ ಆಳುಗಳ ಕೊರತೆ ತೀವ್ರ. ಸೋಲಾರ್ ಡ್ರೈಯರ್, ಮರ ಏರುವ ಸಾಧನ, ನೀರಾವರಿಯ ಸ್ವಯಂಚಾಲಿತ ನಿಯಂತ್ರಣ, ಸಣ್ಣ ವರ್ಕ್‌ಶಾಪುಗಳಿಗೆ ಸಿಎನ್‌ಸಿ ಪ್ರೋಗ್ರಾಮಿಂಗ್, ಸಹಕಾರ ಸಂಘಗಳಿಗೆ ಲೆಕ್ಕದ ತಂತ್ರಾಂಶ ಇಂಥವು ದೊಡ್ಡ ಕಂಪನಿಗಳ ಕಣ್ಣಿಗೆ ಬೀಳದ, ಊರಿನವರಿಗೆ ಮಾತ್ರ ಚೆನ್ನಾಗಿ ಗೊತ್ತಿರುವ ಅಗತ್ಯಗಳು. ಕಾರ್ಖಾನೆಯಿಂದ ನಿವೃತ್ತರಾದ ಫಿಟ್ಟರ್, ಮೋಲ್ಡರ್, ಮೇಸ್ತ್ರಿಗಳನ್ನು ಕಾಲೇಜಿನ ವರ್ಕ್‌ಶಾಪಿಗೆ ಮಾರ್ಗದರ್ಶಕರಾಗಿ ಕರೆತರುವುದು ಭದ್ರಾವತಿಯಲ್ಲಿ ಸುಲಭಸಾಧ್ಯ. ಪುಸ್ತಕದಲ್ಲಿ ಸಿಗದ ಅವರ ಕೈಯರಿವು ಮುಂದಿನ ತಲೆಮಾರಿಗೆ ದಾಟದೆ ಹೋದರೆ ಆ ನಷ್ಟವನ್ನು ಯಾವ ಸಹಾಯಧನವೂ ತುಂಬಲಾರದು.

ಬಂಡವಾಳ ಮತ್ತು ಸಾಲದ ದಾರಿಗಳು

ಸಣ್ಣ ಉದ್ಯಮಕ್ಕೆ ಹಣ ಹೊಂದಿಸುವಾಗ ವಿದ್ಯಾರ್ಥಿಗಳು ಹೆಚ್ಚಾಗಿ ಮೊರೆಹೋಗುವುದು ಜಿಲ್ಲಾ ಕೈಗಾರಿಕಾ ಕೇಂದ್ರ ಮತ್ತು ಬ್ಯಾಂಕುಗಳಿಗೆ. 2008ರಲ್ಲಿ ಜಾರಿಗೆ ಬಂದ ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಉತ್ಪಾದನಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷ ರೂಪಾಯಿವರೆಗಿನ ಯೋಜನೆಗಳನ್ನು ಪರಿಗಣಿಸಲಾಗುತ್ತದೆ. ಅರ್ಜಿದಾರರಿಗೆ 18 ವರ್ಷ ತುಂಬಿರಬೇಕು. ಗ್ರಾಮೀಣ ಪ್ರದೇಶದಲ್ಲಿ 10 ಲಕ್ಷದ ಉತ್ಪಾದನಾ ಘಟಕ ಹೂಡುವ ಸಾಮಾನ್ಯ ವರ್ಗದ ಯುವಕ 1 ಲಕ್ಷ ಕೈಯಿಂದ ಹಾಕಬೇಕು, 2.5 ಲಕ್ಷ ಸಹಾಯಧನ ಸಿಗುತ್ತದೆ. ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರು ಮತ್ತು ಅಲ್ಪಸಂಖ್ಯಾತರಿಗೆ ಸ್ವಂತ ಪಾಲು 50,000 ರೂಪಾಯಿ, ಸಹಾಯಧನ 3.5 ಲಕ್ಷ. ಸಹಾಯಧನ ಕೈಗೆ ಬರುವುದಿಲ್ಲ. ಅದು ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿದ್ದು, ಘಟಕ ನಡೆಯುತ್ತಿದ್ದರೆ ಸಾಲಕ್ಕೆ ಜಮೆಯಾಗುತ್ತದೆ. ಇದನ್ನು ಮೊದಲೇ ತಿಳಿದ ವಿದ್ಯಾರ್ಥಿ ದಲ್ಲಾಳಿಗಳ ಮಾತಿಗೆ ಮರುಳಾಗುವುದಿಲ್ಲ.

2015ರ ಮುದ್ರಾ ಯೋಜನೆಯಲ್ಲಿ ಶಿಶು ವಿಭಾಗದಡಿ 50,000, ಕಿಶೋರ್ ಅಡಿ 5 ಲಕ್ಷ, ತರುಣ್ ಅಡಿ 10 ಲಕ್ಷ ರೂಪಾಯಿವರೆಗೆ ಆಸ್ತಿ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಪರಿಶಿಷ್ಟರು ಮತ್ತು ಮಹಿಳೆಯರಿಗಾಗಿ 2016ರಲ್ಲಿ ಬಂದ ಸ್ಟ್ಯಾಂಡ್ ಅಪ್ ಇಂಡಿಯಾ ಯೋಜನೆ 10 ಲಕ್ಷದಿಂದ 1 ಕೋಟಿವರೆಗಿನ ಸಾಲಕ್ಕೆ ರೂಪಿಸಿದ್ದು. ಆಹಾರ ಸಂಸ್ಕರಣೆಗೆ 2020ರ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆ ಇದೆ. ಕೇಂದ್ರದ ಶೇ 35ಕ್ಕೆ ರಾಜ್ಯ ಶೇ 15 ಸೇರಿಸುವುದರಿಂದ ಕರ್ನಾಟಕದಲ್ಲಿ ಶೇ 50ರಷ್ಟು, ಗರಿಷ್ಠ 15 ಲಕ್ಷ ರೂಪಾಯಿ ಸಹಾಯಧನ ದೊರೆಯುತ್ತದೆ. ಈ ಯೋಜನೆಯಲ್ಲಿ ಶಿವಮೊಗ್ಗ ಜಿಲ್ಲೆಗೆ ಗುರುತಿಸಿದ ಉತ್ಪನ್ನ ಅನಾನಸ್.

ಸಾಲದ ಅರ್ಜಿಯೊಂದಿಗೆ ಪ್ರಾಜೆಕ್ಟ್ ರಿಪೋರ್ಟ್, ಯಂತ್ರಗಳ ಕೊಟೇಷನ್, ಜಾಗದ ಬಾಡಿಗೆ ಕರಾರು, ತರಬೇತಿ ಪ್ರಮಾಣಪತ್ರ ಬೇಕಾಗುತ್ತವೆ. ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳು ರಿಪೋರ್ಟ್ ಬರೆಯುವುದನ್ನೂ, ತಾಂತ್ರಿಕ ವಿದ್ಯಾರ್ಥಿಗಳು ಯಂತ್ರದ ಸಾಮರ್ಥ್ಯ ಲೆಕ್ಕ ಹಾಕುವುದನ್ನೂ ಕಲಿತಿರುವುದರಿಂದ ಇಬ್ಬರೂ ಸೇರಿದ ತಂಡದ ಅರ್ಜಿ ಗಟ್ಟಿಯಾಗಿರುತ್ತದೆ. ಲೀಡ್ ಬ್ಯಾಂಕ್ ಅಧಿಕಾರಿಗಳನ್ನು ತರಗತಿಗೆ ಕರೆಸಿ, ಅರ್ಜಿ ಏಕೆ ತಿರಸ್ಕಾರವಾಗುತ್ತದೆ ಎಂಬುದನ್ನು ಅವರಿಂದಲೇ ಹೇಳಿಸುವುದು ಫಲಕಾರಿ ಕ್ರಮ.

ನೋಂದಣಿ ಮತ್ತು ಪರವಾನಗಿ

ಒಬ್ಬರೇ ನಡೆಸುವ ಸ್ವಂತ ವ್ಯವಹಾರಕ್ಕೆ ಕಾಗದಪತ್ರ ಕಡಿಮೆ, ಆದರೆ ಸಾಲಕ್ಕೆಲ್ಲ ಅವರ ಸ್ವಂತ ಆಸ್ತಿಯೂ ಹೊಣೆಯಾಗುತ್ತದೆ. ಗೆಳೆಯರು ಸೇರಿ ಆರಂಭಿಸುವಾಗ 1932ರ ಪಾಲುದಾರಿಕೆ ಕಾಯ್ದೆ, 2008ರ ಸೀಮಿತ ಹೊಣೆಗಾರಿಕೆ ಪಾಲುದಾರಿಕೆ ಕಾಯ್ದೆ, 2013ರ ಕಂಪನಿ ಕಾಯ್ದೆಗಳಡಿ ನೋಂದಣಿ ಸಾಧ್ಯ. ಲಾಭದ ಹಂಚಿಕೆ, ಒಬ್ಬ ಹೊರಹೋದರೆ ಏನು ಎಂಬುದನ್ನು ಮೊದಲೇ ಬರೆದಿಡುವ ಪಾಠ ಇಲ್ಲಿ ಅತಿಮುಖ್ಯ. ಓದು ಮುಗಿದೊಡನೆ ತಂಡದ ಒಬ್ಬರು ಕೆಲಸಕ್ಕೆ ಬೆಂಗಳೂರಿಗೆ, ಇನ್ನೊಬ್ಬರು ಮದುವೆಯಾಗಿ ಬೇರೆ ಊರಿಗೆ ಹೋಗುವುದು ಸಾಮಾನ್ಯ.

2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿ ಉಚಿತ, ಆನ್‌ಲೈನಿನಲ್ಲೇ ಮುಗಿಯುತ್ತದೆ. 2025ರ ಏಪ್ರಿಲ್ 1ರಿಂದ 2.5 ಕೋಟಿ ರೂಪಾಯಿವರೆಗಿನ ಹೂಡಿಕೆ ಮತ್ತು 10 ಕೋಟಿವರೆಗಿನ ವಹಿವಾಟು ಇರುವ ಘಟಕ ಕಿರು ಉದ್ಯಮ ಎನಿಸುತ್ತದೆ. ಇವಲ್ಲದೆ ಶಿವಮೊಗ್ಗದಲ್ಲಿ ಮಹಾನಗರ ಪಾಲಿಕೆಯ, ಭದ್ರಾವತಿಯಲ್ಲಿ ನಗರಸಭೆಯ ಉದ್ದಿಮೆ ಪರವಾನಗಿ, ಮೆಸ್ಕಾಂ ವಿದ್ಯುತ್ ಸಂಪರ್ಕ, ಆಹಾರ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಈ ಕಚೇರಿಗಳ ಕ್ರಮ ವಿದ್ಯಾವಂತ ಯುವಜನರಿಗೂ ಗೋಜಲೆನಿಸುತ್ತದೆ. ಯಾವ ಅರ್ಜಿ ಮೊದಲು, ಯಾವುದು ಆಮೇಲೆ ಎಂದು ಹೇಳಿಕೊಡುವ ಸಹಾಯ ಕೇಂದ್ರವೊಂದು ಕಾಲೇಜಿನಲ್ಲಿದ್ದರೆ ಅದರ ಪ್ರಯೋಜನ ಹಲವು ಭಾಷಣಗಳಿಗಿಂತ ಮಿಗಿಲು.

ಪರಿಣಾಮದ ಅಳತೆ

ಉದ್ಯಮಶೀಲತಾ ಶಿಕ್ಷಣದ ಫಲ ಎಲ್ಲೆಡೆ ಒಂದೇ ತೆರನಾಗಿಲ್ಲ. ನೆದರ್‌ಲೆಂಡ್ಸ್‌ನ ಕಾಲೇಜೊಂದರ ವಿದ್ಯಾರ್ಥಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾರ್ಯಕ್ರಮದ ನಂತರ ಅವರ ಕೌಶಲ ಗಮನಾರ್ಹವಾಗಿ ಹೆಚ್ಚಲಿಲ್ಲ, ಉದ್ಯಮ ಆರಂಭಿಸುವ ಇಚ್ಛೆ ಕಡಿಮೆಯಾಯಿತು. ಉದ್ಯಮದ ಕಷ್ಟಗಳ ಅರಿವು ಬಂದದ್ದೂ ಅದಕ್ಕೆ ಕಾರಣವಿರಬಹುದೆಂದು ಸಂಶೋಧಕರು ವಿವರಿಸಿದರು. ಉಗಾಂಡದ ವಿಶ್ವವಿದ್ಯಾಲಯ ವಿದ್ಯಾರ್ಥಿಗಳಿಗೆ ಅಲ್ಪ ಹಣ ಕೊಟ್ಟು, ತರಬೇತಿಯ ವಾರಗಳಲ್ಲೇ ತಂಡಗಳಲ್ಲಿ ನಿಜವಾದ ಪುಟ್ಟ ವ್ಯಾಪಾರ ನಡೆಸುವಂತೆ ಮಾಡಿದ ಕಾರ್ಯಕ್ರಮ, ಒಂದು ವರ್ಷದ ನಂತರವೂ ಹೊಸ ಉದ್ಯಮಗಳ ಆರಂಭವನ್ನು ಹೆಚ್ಚಿಸಿತು. ಟೋಗೊ ದೇಶದ ಸಣ್ಣ ಉದ್ಯಮಿಗಳ ನಡುವೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಾವಾಗಿ ಮುನ್ನುಗ್ಗುವ ಮನೋಭಾವ ಬೆಳೆಸುವ ತರಬೇತಿ ಪಡೆದವರ ಲಾಭ ಶೇ 30ರಷ್ಟು ಏರಿತು. ಲೆಕ್ಕಪತ್ರ, ನಿರ್ವಹಣೆಯ ಸಾಂಪ್ರದಾಯಿಕ ತರಬೇತಿ ಪಡೆದವರಲ್ಲಿ ಖಚಿತವೆನ್ನಬಹುದಾದ ಏರಿಕೆ ಕಾಣಲಿಲ್ಲ. ಮಾಡಿ ಕಲಿಯುವ ಕ್ರಮ ಫಲ ಕೊಡಬಲ್ಲದು ಎಂಬುದಕ್ಕೆ ಉಗಾಂಡದ ಅನುಭವ ಒಂದು ಸಾಕ್ಷಿ. ನವಿಲೆಯಂಥ ಕೃಷಿ ಕಾಲೇಜುಗಳ ಉತ್ಪಾದನಾ ಘಟಕಗಳ ಕ್ರಮ ಇದಕ್ಕೆ ಹೊಂದುತ್ತದೆ.

ಮಿತಿಗಳು

ಕಾರ್ಯಕ್ರಮಗಳ ಯಶಸ್ಸನ್ನು ನಡೆದ ಕಾರ್ಯಾಗಾರಗಳ, ಹಂಚಿದ ಪ್ರಮಾಣಪತ್ರಗಳ ಎಣಿಕೆಯಲ್ಲಿ ಅಳೆಯುವ ಪ್ರವೃತ್ತಿ ದೇಶದೆಲ್ಲೆಡೆ ಇದೆ. ಮೂರು ವರ್ಷದ ನಂತರ ಎಷ್ಟು ಘಟಕ ಬದುಕಿವೆ, ಎಷ್ಟು ಜನಕ್ಕೆ ಕೆಲಸ ಕೊಟ್ಟಿವೆ ಎಂಬುದು ಸರಿಯಾದ ಅಳತೆ. ಸೆಮಿಸ್ಟರಿನ ಕಾಲಕ್ಕೂ ವ್ಯಾಪಾರದ ಕಾಲಕ್ಕೂ ಹೊಂದಾಣಿಕೆ ಕಷ್ಟ. ಅಡಿಕೆ ಕೊಯ್ಲು, ಅನಾನಸ್ ಹಂಗಾಮು ಪರೀಕ್ಷೆಯ ವೇಳಾಪಟ್ಟಿ ನೋಡಿ ಬರುವುದಿಲ್ಲ. ಕಾಲೇಜುಗಳ ಹೆಮ್ಮೆ ಕ್ಯಾಂಪಸ್ ನೇಮಕಾತಿಯ ಅಂಕಿಯ ಮೇಲೆ ನಿಂತಿರುವುದರಿಂದ, ಉದ್ಯಮದ ದಾರಿ ಹಿಡಿದ ವಿದ್ಯಾರ್ಥಿ ಕೆಲಸ ಸಿಗದವನಂತೆ ಕಾಣುವ ಅಪಾಯವಿದೆ. ಸರ್ಕಾರಿ ನೌಕರಿಯ ಭದ್ರತೆಯನ್ನು ಕಂಡು ಬೆಳೆದ ಮನೆಗಳಲ್ಲಿ ಸ್ವಂತ ಉದ್ಯಮಕ್ಕೆ ಒಪ್ಪಿಗೆ ಸುಲಭವಾಗಿ ಸಿಗದು. ಹೆಣ್ಣುಮಕ್ಕಳಿಗೆ ಓಡಾಟ, ಆಸ್ತಿ ಪತ್ರ, ಜಾಮೀನುದಾರರ ತೊಡಕುಗಳು ಇನ್ನೂ ಹೆಚ್ಚು. ಅವರಿಗೆ ಒಬ್ಬೊಬ್ಬರ ಉದ್ಯಮಕ್ಕಿಂತ ಕೂಡಿ ದುಡಿಯುವ ರೂಪ ಅನುಕೂಲವಾಗುವುದುಂಟು. ಸಾಗರ ತಾಲ್ಲೂಕಿನ ಹೆಗ್ಗೋಡು ಸಮೀಪ ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ ಹುಟ್ಟಿದ ಚರಕ ಮಹಿಳಾ ಸಹಕಾರ ಸಂಘ ಕೈಮಗ್ಗದ ಬಟ್ಟೆಯಲ್ಲಿ ಇದಕ್ಕೆ ಜಿಲ್ಲೆಯದೇ ಉದಾಹರಣೆ.

ಉಪಕರಣದ ಮಿತಿಯೂ ಗಮನಾರ್ಹ. ಒಂದು ಕಾಲೇಜಿನಲ್ಲಿ ಯಂತ್ರ, ಇನ್ನೊಂದರಲ್ಲಿ ಪರೀಕ್ಷಾ ಪ್ರಯೋಗಾಲಯ, ಮತ್ತೊಂದರಲ್ಲಿ ಆಹಾರ ಸಂಸ್ಕರಣೆಯ ಘಟಕ ಇರುತ್ತದೆ. ಸಂಸ್ಥೆಗಳ ನಡುವೆ ಹಂಚಿ ಬಳಸುವ ಒಪ್ಪಂದವಿದ್ದರೆ ಶಂಕರಘಟ್ಟದ ವಿದ್ಯಾರ್ಥಿ ನವಿಲೆಯ ಘಟಕವನ್ನೂ, ನವಿಲೆಯ ವಿದ್ಯಾರ್ಥಿ ಇಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪನ್ನೂ ಬಳಸಬಹುದು. ಜಿಲ್ಲಾ ವಾಣಿಜ್ಯ ಮತ್ತು ಕೈಗಾರಿಕಾ ಸಂಘ, ಮ್ಯಾಮ್‌ಕೋಸ್‌ನಂಥ ಸಹಕಾರ ಸಂಸ್ಥೆಗಳು, ಹಾಲು ಒಕ್ಕೂಟ ಹಾಗೂ ಎರಕದ ಘಟಕಗಳು ವಿದ್ಯಾರ್ಥಿ ಉದ್ಯಮಗಳ ಮೊದಲ ಗಿರಾಕಿಗಳಾಗಬಲ್ಲವು. ಹೊಸ ಉದ್ಯಮಕ್ಕೆ ಸಹಾಯಧನಕ್ಕಿಂತ ಮೊದಲು ಬೇಕಾಗುವುದು ಹಣ ಕೊಟ್ಟು ಕೊಳ್ಳುವ ಆ ಮೊದಲ ಗಿರಾಕಿ. ಪಾಠ, ಯಂತ್ರ, ಸಾಲ ಮತ್ತು ಗಿರಾಕಿ, ಈ ನಾಲ್ಕನ್ನೂ ವಿದ್ಯಾರ್ಥಿಗೆ ನಡೆದು ತಲುಪುವಷ್ಟು ಹತ್ತಿರ ತಂದಾಗ ವಿಶ್ವವಿದ್ಯಾಲಯದ ಉದ್ಯಮಶೀಲತಾ ಕಾರ್ಯಕ್ರಮ ತನ್ನ ಉದ್ದೇಶ ಪೂರೈಸುತ್ತದೆ.